ಹ್ಯಾಟ್ರಿಕ್‌ನಲ್ಲಿ ಆಟಗಾರನ ಕೌಶಲ ಏರುತ್ತಿಲ್ಲ, ಏರಿದರೂ ಕಾಣುತ್ತಿಲ್ಲ: ದೋಷ ಹುಡುಕುವ ಕ್ರಮ

1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಹ್ಯಾಟ್ರಿಕ್, ಫುಟ್‌ಬಾಲ್ ತಂಡವೊಂದನ್ನು ಆನ್‌ಲೈನ್‌ನಲ್ಲಿ ನಡೆಸುವ ನಿಧಾನದ ಆಟ. ವಾರಕ್ಕೆ ಒಂದು ಲೀಗ್ ಪಂದ್ಯ, ವಾರದ ನಡುವೆ ಒಂದು ಕಪ್ ಅಥವಾ ಸ್ನೇಹಪಂದ್ಯ, ವಾರಕ್ಕೊಮ್ಮೆ ತರಬೇತಿ. 16 ವಾರಕ್ಕೆ ಒಂದು ಸೀಸನ್, 112 ದಿನಕ್ಕೆ ಆಟಗಾರನಿಗೆ ಒಂದು ವರ್ಷ. ಇಷ್ಟು ನಿಧಾನವಾದ್ದರಿಂದಲೇ ಇಲ್ಲಿ ತಪ್ಪು ದುಬಾರಿ: ಮೊದಲ ವಾರ ಮಾಡಿದ ಎಡವಟ್ಟು ಕಣ್ಣಿಗೆ ಬೀಳುವಷ್ಟರಲ್ಲಿ ಆರು ವಾರ ಕಳೆದಿರುತ್ತದೆ.

‘ನನ್ನ ಆಟಗಾರ ಸರಿಯಾಗಿ ಆಡುತ್ತಿಲ್ಲ’ ಎಂಬ ಒಂದೇ ದೂರಿನಲ್ಲಿ ಮೂರು ಬೇರೆ ಬೇರೆ ದೋಷಗಳಿರಬಹುದು. ಒಂದು, ತರಬೇತಿ ಕೊಟ್ಟರೂ ಕೌಶಲ ಏರುತ್ತಿಲ್ಲ. ಎರಡು, ಕೌಶಲ ಇದೆ, ಪಂದ್ಯದಲ್ಲಿ ಕಾಣುತ್ತಿಲ್ಲ. ಮೂರು, ಕೌಶಲ ನಿಜವಾಗಿಯೂ ಇಳಿದಿದೆ. ಮೂರನೆಯದು ಯುವ ಆಟಗಾರರಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಆದರೂ ಹೆಚ್ಚಿನವರು ಮೊದಲು ಗಾಬರಿಯಾಗುವುದು ಅದಕ್ಕೇ. ಯಾವ ದೋಷ ಎಂದು ಗೊತ್ತಾಗುವ ಮೊದಲು ಆಟಗಾರನನ್ನು ಮಾರುಕಟ್ಟೆಗೆ ಹಾಕಬೇಡಿ, ತರಬೇತಿಯ ಬಗೆಯನ್ನೂ ಬದಲಿಸಬೇಡಿ.

ಮೊದಲು ಮಾಪಕ ಓದುವುದು

ಕೌಶಲದ ಮಟ್ಟಗಳು ಪದಗಳಲ್ಲಿರುತ್ತವೆ, ಆದರೆ ಲೆಕ್ಕ ಅಂಕಿಯಲ್ಲೇ ನಡೆಯುವುದು. ಇನ್ಅಡಿಕ್ವೇಟ್ 5, ಪ್ಯಾಸಬಲ್ 6, ಸಾಲಿಡ್ 7, ಎಕ್ಸಲೆಂಟ್ 8, ಫಾರ್ಮಿಡಬಲ್ 9, ಔಟ್‌ಸ್ಟ್ಯಾಂಡಿಂಗ್ 10. ಹೀಗೆ ಏರುತ್ತ ಡಿವೈನ್ 20. ಗೋಲ್‌ಕೀಪಿಂಗ್, ಡಿಫೆಂಡಿಂಗ್, ಪ್ಲೇಮೇಕಿಂಗ್, ವಿಂಗರ್, ಪಾಸಿಂಗ್, ಸ್ಕೋರಿಂಗ್, ಸೆಟ್ ಪೀಸಸ್ ಎಂಬ ಏಳು ಕೌಶಲಗಳಿಗೆ ಈ ಮಾಪಕ. ಫಾರ್ಮ್‌ನದು ಬೇರೆ ಕಥೆ: ಪದಗಳು ಅವೇ, ಆದರೆ ಅದು 8ಕ್ಕೇ ಮುಗಿಯುತ್ತದೆ. ‘ಎಕ್ಸಲೆಂಟ್’ ಕೌಶಲ ಮಧ್ಯಮ ದರ್ಜೆಯದು. ‘ಎಕ್ಸಲೆಂಟ್’ ಫಾರ್ಮ್ ಎಂದರೆ ಅದಕ್ಕಿಂತ ಮೇಲಿಲ್ಲ. ಹೊಸಬರು ಇಲ್ಲೇ ಎಡವುವುದು.

ಪ್ರತಿ ಮಟ್ಟದ ಒಳಗೆ ಕಾಣದ ದಶಾಂಶ ಭಾಗವೊಂದಿದೆ. ‘ಸಾಲಿಡ್’ ಅಂದರೆ 7.0 ಇರಬಹುದು, 7.9 ಇರಬಹುದು, ಪರದೆಯ ಮೇಲೆ ಎರಡೂ ಒಂದೇ. ಹೊಸದಾಗಿ ಕೊಂಡವನು ಮೂರನೇ ವಾರಕ್ಕೇ ಮೇಲೇರಿದರೆ ನಿಮ್ಮ ತರಬೇತಿ ಜೋರಾಗಿದೆ ಎಂದಲ್ಲ. ಅವನು ಅಂಚಿನಲ್ಲಿದ್ದ, ಅಷ್ಟೇ. ಅದೇ ಲೆಕ್ಕದಲ್ಲಿ, ಮೊದಲ ಏರಿಕೆ ತಡವಾದರೂ ದೋಷ ಎನ್ನಲಾಗದು. ತರಬೇತಿಯ ನಿಜವಾದ ವೇಗ ತಿಳಿಯುವುದು ಒಂದು ಪಾಪ್‌ನಿಂದ (ಮಟ್ಟದ ಏರಿಕೆಯಿಂದ) ಮುಂದಿನ ಪಾಪ್‌ವರೆಗಿನ ವಾರಗಳನ್ನು ಎಣಿಸಿದಾಗ ಮಾತ್ರ.

ಲಕ್ಷಣ 1: ವಾರಗಟ್ಟಲೆ ತರಬೇತಿ, ಏರಿಕೆ ಇಲ್ಲ

ಹತ್ತರಲ್ಲಿ ಎಂಟು ಸಲ ದೋಷ ನಿಮಿಷ ಮತ್ತು ಸ್ಥಾನದಲ್ಲೇ ಇರುತ್ತದೆ. ತರಬೇತುದಾರನ ಮೇಲೆ ಹಣ ಸುರಿಯುವ ಮೊದಲು ಇವೆರಡನ್ನೂ ನೋಡಿಬಿಡಿ.

ಪೂರ್ತಿ ತರಬೇತಿ ಸಿಗಬೇಕಾದರೆ ಆಟಗಾರ ಆ ವಾರ ಸರಿಯಾದ ಸ್ಥಾನದಲ್ಲಿ 90 ನಿಮಿಷ ಆಡಿರಬೇಕು. 60ನೇ ನಿಮಿಷಕ್ಕೆ ಹೊರಗೆ ಬಂದವನಿಗೆ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಪಾಲು ಒಳಗೆ ಹೋದ ಬದಲಿ ಆಟಗಾರನಿಗೆ. ಪಂದ್ಯದ ವರದಿ ತೆರೆದು ಈ ಮೂರನ್ನು ಹುಡುಕಿ: ಗಾಯದಿಂದ ಹೊರಬಂದನೇ, ಕೆಂಪು ಕಾರ್ಡ್ ಬಿತ್ತೇ, ನೀವೇ ಕೊಟ್ಟ ಷರತ್ತಿನ ಆದೇಶ ಅವನ ಜಾಗವನ್ನು ಅದಲುಬದಲು ಮಾಡಿತೇ. ಮೂರನೆಯದನ್ನು ಜನ ಮರೆತೇಬಿಡುತ್ತಾರೆ. ‘ಹಿಂದಿದ್ದರೆ 70ನೇ ನಿಮಿಷಕ್ಕೆ ಫಾರ್ವರ್ಡ್ ಒಳಗೆ’ ಎಂದು ಎಂದೋ ಬರೆದಿಟ್ಟ ಆದೇಶ ಪ್ರತಿ ಸೋಲಿನಲ್ಲೂ ನಿಮ್ಮ ತರಬೇತಿಯಿಂದ 20 ನಿಮಿಷ ಕದಿಯುತ್ತಿರುತ್ತದೆ.

ಲ್ಯಾಡರ್, ಟೂರ್ನಮೆಂಟ್, ಒಂಟಿ ಪಂದ್ಯಗಳು ತರಬೇತಿಗೆ ಲೆಕ್ಕಕ್ಕಿಲ್ಲ. ಅಲ್ಲಿ 90 ನಿಮಿಷ ಓಡಿಸಿ ‘ಆಡಿದ್ದಾನಲ್ಲ’ ಅಂದುಕೊಂಡರೆ ವಾರ ದಂಡ. ಲೀಗ್, ಕಪ್, ಸ್ನೇಹಪಂದ್ಯ ಇವು ಲೆಕ್ಕಕ್ಕೆ. ಒಬ್ಬನೇ ಎರಡೂ ಪಂದ್ಯ ಆಡಿದರೂ ವಾರದ ಮಿತಿ 90 ನಿಮಿಷವೇ, 180 ಆಗುವುದಿಲ್ಲ. ಆದ್ದರಿಂದ ಲೀಗ್ ಪಂದ್ಯದಲ್ಲಿ ಒಂದು ಗುಂಪು, ವಾರದ ನಡುವಿನ ಪಂದ್ಯದಲ್ಲಿ ಇನ್ನೊಂದು ಗುಂಪು ಆಡಿಸುವುದೇ ಜಾಣತನ.

ಇನ್ನು ಸ್ಥಾನ. ಡಿಫೆಂಡಿಂಗ್ ತರಬೇತಿ ಎಲ್ಲ ಡಿಫೆಂಡರ್‌ಗಳಿಗೆ, ವಿಂಗ್ ಬ್ಯಾಕ್‌ಗಳೂ ಸೇರಿ, ಪೂರ್ತಿ: ಒಂದು ಪಂದ್ಯಕ್ಕೆ 5 ಜಾಗ, ವಾರಕ್ಕೆ 10. ಸ್ಕೋರಿಂಗ್ ಫಾರ್ವರ್ಡ್‌ಗಳಿಗೆ ಮಾತ್ರ: ವಾರಕ್ಕೆ 6. ಪ್ಲೇಮೇಕಿಂಗ್ ಇನ್ನರ್ ಮಿಡ್‌ಫೀಲ್ಡರ್‌ಗಳಿಗೆ ಪೂರ್ತಿ, ವಿಂಗರ್‌ಗಳಿಗೆ ಅರ್ಧ. ವಿಂಗರ್ ಕೌಶಲ ಬೆಳೆಸುವ ಕ್ರಾಸಿಂಗ್ ತರಬೇತಿ ವಿಂಗರ್‌ಗಳಿಗೆ ಪೂರ್ತಿ, ವಿಂಗ್ ಬ್ಯಾಕ್‌ಗಳಿಗೆ ಅರ್ಧ. ಶಾರ್ಟ್ ಪಾಸ್ ಇನ್ನರ್, ವಿಂಗರ್, ಫಾರ್ವರ್ಡ್ ಮೂವರಿಗೂ ಪೂರ್ತಿ. ಗೋಲ್‌ಕೀಪಿಂಗ್ ಕೀಪರ್ ಒಬ್ಬನಿಗೇ, ಅಂದರೆ ವಾರಕ್ಕೆ ಇಬ್ಬರು. ಉಳಿದ ಸ್ಥಾನದವರಿಗೆ ಚೂರುಪಾರು ಸೋರಿಕೆ ಸಿಗುತ್ತದೆ, ಅದನ್ನು ನಂಬಿ ಯಾರನ್ನೂ ಬೆಳೆಸಲಾಗದು.

ಇಲ್ಲೊಂದು ಗುಪ್ತ ಗುಂಡಿ ಇದೆ. ತರಬೇತಿಗೆ ಲೆಕ್ಕ ಹಿಡಿಯುವುದು ಆಟಗಾರ ನಿಂತ ಜಾಗವನ್ನು, ನೀವು ಕೊಟ್ಟ ವೈಯಕ್ತಿಕ ಆದೇಶವನ್ನಲ್ಲ. ‘ಮಧ್ಯದ ಕಡೆಗೆ’ ಎಂದು ಆದೇಶ ಪಡೆದ ವಿಂಗರ್ ಪಂದ್ಯದಲ್ಲಿ ಮಿಡ್‌ಫೀಲ್ಡರ್‌ನಂತೆ ನೆರವಾಗುತ್ತಾನೆ ನಿಜ, ಪ್ಲೇಮೇಕಿಂಗ್ ತರಬೇತಿ ಮಾತ್ರ ಅವನಿಗೆ ಅರ್ಧವೇ. ‘ವಿಂಗ್ ಕಡೆಗೆ’ ಹೋದ ಇನ್ನರ್‌ಗೆ ಪೂರ್ತಿ. ಎಳೆಯ ಹುಡುಗನೊಬ್ಬ ಜೊತೆಯವನಿಗಿಂತ ಸರಿಯಾಗಿ ಅರ್ಧ ವೇಗದಲ್ಲಿ ಏರುತ್ತಿದ್ದಾನೆ ಎಂದಾದರೆ ಮೊದಲ ಅನುಮಾನ ಇಲ್ಲಿರಲಿ.

ನಿಮಿಷ, ಸ್ಥಾನ ಎರಡೂ ಸರಿ ಇದ್ದರೆ ತರಬೇತಿ ಪುಟಕ್ಕೆ ಬನ್ನಿ. ಅಲ್ಲಿ ಎರಡು ಶೇಕಡಾವಾರು ಇವೆ: ತೀವ್ರತೆ, ಮತ್ತು ಸ್ಟ್ಯಾಮಿನಾಕ್ಕೆ ಎತ್ತಿಟ್ಟ ಪಾಲು. ಇವು ಒಂದಕ್ಕೊಂದು ಗುಣಾಕಾರವಾಗುತ್ತವೆ. ತೀವ್ರತೆ 90, ಸ್ಟ್ಯಾಮಿನಾ ಪಾಲು 15 ಇದ್ದರೆ ಮುಖ್ಯ ಕೌಶಲಕ್ಕೆ ಉಳಿಯುವುದು 0.90 × 0.85, ಅಂದರೆ 76.5 ಪಾಲು. ನಾಲ್ಕು ವಾರಕ್ಕೆ ಸುಮಾರು ಒಂದು ವಾರದ ತರಬೇತಿ ಮಾಯ! ತೀವ್ರತೆಯನ್ನು 100ರಲ್ಲೇ ಇಟ್ಟು ಮರೆತುಬಿಡಿ. ಸ್ಟ್ಯಾಮಿನಾ ಪಾಲು ತಂಡದ ವಯಸ್ಸಿಗೆ ತಕ್ಕಂತಿರಲಿ: ಎಳೆಯರ ತಂಡಕ್ಕೆ ಕಡಿಮೆ ಸಾಕು, ಹಳಬರಿಗೆ ಹೆಚ್ಚು ಬೇಕು.

ಸಮಯದ ದೋಷ ಅಪರೂಪವಾದರೂ ಹುಡುಕಲು ಕಷ್ಟ. ತರಬೇತಿ ಅಪ್‌ಡೇಟ್ ನಡೆಯುವ ಕ್ಷಣದಲ್ಲಿ ಯಾವ ಬಗೆ ಆಯ್ಕೆಯಾಗಿದೆಯೋ ಅದೇ ಇಡೀ ವಾರಕ್ಕೆ ಅನ್ವಯ. ಪಂದ್ಯದ ದಿನ ಏನಿತ್ತು ಎಂಬುದು ಮುಖ್ಯವಲ್ಲ. ಆಟದ ಗಡಿಯಾರ ಸ್ವೀಡನ್ನಿನದು. ಭಾರತ ಅದಕ್ಕಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ. ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ಅವರು ಗಡಿಯಾರ ತಿರುಗಿಸಿದಾಗ ನಮ್ಮ ಕಡೆಯ ಅಪ್‌ಡೇಟ್ ವೇಳೆ ಒಂದು ಗಂಟೆ ಸರಿಯುತ್ತದೆ. ಕೊನೇ ಗಳಿಗೆಯಲ್ಲಿ ಬಗೆ ಬದಲಿಸುವ ಅಭ್ಯಾಸ ಇರುವವರು ಆ ಎರಡು ವಾರ ಎಚ್ಚರವಾಗಿರಿ. ಇದರ ಲಾಭವೂ ಇದೆ: ಲೀಗ್ ಪಂದ್ಯದಲ್ಲಿ ತರಬೇತಿಗಿಟ್ಟ ಹುಡುಗರೆಲ್ಲ ಗಾಯಗೊಂಡರೆ, ಆ ವಾರಕ್ಕೆ ಬೇರೆ ಸ್ಥಾನದವರಿಗೆ ಉಪಯೋಗವಾಗುವ ಬಗೆಗೆ ಬದಲಿಸಿ ವಾರ ಉಳಿಸಿಕೊಳ್ಳಬಹುದು.

ಇಷ್ಟೆಲ್ಲ ನೋಡಿದ ಮೇಲೆ ಸಿಬ್ಬಂದಿ. ತರಬೇತುದಾರನ ಮಟ್ಟ, ಸಹಾಯಕರ ಮಟ್ಟ ಎರಡೂ ವೇಗಕ್ಕೆ ಸೇರುತ್ತವೆ. ಸಹಾಯಕರು ಗರಿಷ್ಠ ಇಬ್ಬರು, ಒಬ್ಬೊಬ್ಬರದು 5ರವರೆಗೆ, ಒಟ್ಟು 10. ಮಟ್ಟ ಏರಿದಂತೆ ಗಾಯಗಳೂ ಹೆಚ್ಚುತ್ತವೆ ಎಂಬುದು ನೆನಪಿರಲಿ. ಕಡೆಗೆ ವಯಸ್ಸು ಮತ್ತು ಮಟ್ಟ: 17ರವನು ಎಲ್ಲರಿಗಿಂತ ಬೇಗ ಕಲಿಯುತ್ತಾನೆ, ವಯಸ್ಸು ಏರಿದಂತೆ, ಮಟ್ಟ ಏರಿದಂತೆ ಪ್ರತಿ ಹೆಜ್ಜೆಗೂ ಹೆಚ್ಚು ವಾರ. ಕೌಶಲಗಳಲ್ಲೂ ವ್ಯತ್ಯಾಸವಿದೆ. ಸೆಟ್ ಪೀಸಸ್ ಮತ್ತು ಗೋಲ್‌ಕೀಪಿಂಗ್ ಬೇಗ ಏರುತ್ತವೆ, ಡಿಫೆಂಡಿಂಗ್ ಮುಖ್ಯ ಕೌಶಲಗಳಲ್ಲೇ ನಿಧಾನ. 27ರ ಡಿಫೆಂಡರ್‌ನನ್ನು ಪಕ್ಕದ ತಂಡದ 18ರ ಕೀಪರ್‌ಗೆ ಹೋಲಿಸಿ ಕೊರಗಿದರೆ ಅದಕ್ಕೆ ಮದ್ದಿಲ್ಲ.

ಲಕ್ಷಣ 2: ಟಿಎಸ್‌ಐ ಕುಸಿದಿದೆ

ಆಟಗಾರನ ಒಟ್ಟು ಕೌಶಲದ ಸೂಚ್ಯಂಕವಾದ ಟಿಎಸ್‌ಐ ಒಂದೇ ವಾರದಲ್ಲಿ ಬಿದ್ದದ್ದು ನೋಡಿ ಎದೆ ಒಡೆದುಕೊಳ್ಳುವವರು ಬಹಳ. ಆ ಅಂಕಿಯಲ್ಲಿ ಫಾರ್ಮ್‌ ಕೂಡ ಸೇರಿದೆ. ಫಾರ್ಮ್ ಒಂದು ಮೆಟ್ಟಿಲು ಇಳಿದರೆ ಕೌಶಲ ಕೂದಲೆಳೆಯಷ್ಟೂ ಅಲುಗದೆ ಟಿಎಸ್‌ಐ ಬೀಳುತ್ತದೆ. ಗಾಯವಾದರೂ ಬೀಳುತ್ತದೆ, ಗುಣವಾದಾಗ ಮರಳುತ್ತದೆ. ಮೈದಾನದ ಆಟಗಾರನಿಗೆ 28 ತುಂಬಿದ ಹುಟ್ಟುಹಬ್ಬದಿಂದ ಮುಂದೆ ಲೆಕ್ಕದ ಸೂತ್ರವೇ ವಯಸ್ಸಿಗಾಗಿ ಅಂಕಿಯನ್ನು ಕತ್ತರಿಸುತ್ತದೆ. ಅದೂ ಕೌಶಲದ ನಷ್ಟವಲ್ಲ.

ವಿರುದ್ಧ ದಿಕ್ಕಿನಲ್ಲೂ ಮೋಸವಿದೆ: ಸೆಟ್ ಪೀಸಸ್, ಅನುಭವ, ನಾಯಕತ್ವ ಟಿಎಸ್‌ಐಗೆ ಸೇರುವುದೇ ಇಲ್ಲ. ಸೆಟ್ ಪೀಸಸ್ ತರಬೇತಿಯ ವಾರ ಅಂಕಿ ನಿಂತಲ್ಲೇ ನಿಂತಿದ್ದರೆ ತರಬೇತಿ ನಡೆದಿಲ್ಲ ಎಂದರ್ಥವಲ್ಲ.

ಪರೀಕ್ಷೆ ಸರಳ. ಫಾರ್ಮ್ ಬದಲಾಗದ, ಗಾಯವಿಲ್ಲದ ಎರಡು ವಾರ ಆಯ್ದುಕೊಂಡು ಟಿಎಸ್‌ಐ ಹೋಲಿಸಿ. ಅಲ್ಲಿ ಏರಿಕೆ ಕಂಡರೆ ಕಾಣದ ದಶಾಂಶ ಬೆಳೆಯುತ್ತಿದೆ. ಫಾರ್ಮ್‌ಗೂ ಪದದೊಳಗೆ ಅಡಗಿದ ಭಾಗವಿರುವುದರಿಂದ ಒಂದು ವಾರದ ಸಾಕ್ಷಿ ಸಾಲದು, ಮೂರ್ನಾಲ್ಕು ವಾರದ ಓಟ ನೋಡಬೇಕು. ಇನ್ನೂ ಗಟ್ಟಿಯಾದ ಸಾಕ್ಷಿ ಸಂಬಳ. ಅದು ಆಟಗಾರನ ಹುಟ್ಟುಹಬ್ಬಕ್ಕೆ ಮಾತ್ರ ಬದಲಾಗುತ್ತದೆ, ಫಾರ್ಮ್ ಅದನ್ನು ಮುಟ್ಟುವುದಿಲ್ಲ. ಯುವಕನ ಸಂಬಳ ಹುಟ್ಟುಹಬ್ಬದಂದು ಏರಿದರೆ ಕಳೆದ ವರ್ಷದ ತರಬೇತಿ ಎಲ್ಲೋ ಜಮೆಯಾಗಿದೆ. ವಿದೇಶಿ ಆಟಗಾರನ ಸಂಬಳದಲ್ಲಿ ಶೇ. 20 ಹೆಚ್ಚುವರಿ ಇರುತ್ತದೆ. ಇಬ್ಬರನ್ನು ಹೋಲಿಸುವಾಗ ಅದನ್ನು ಕಳೆಯಿರಿ.

ಲಕ್ಷಣ 3: ಕೌಶಲ ಇದೆ, ನಕ್ಷತ್ರ ಇಲ್ಲ

ನಕ್ಷತ್ರ ಎಂದರೆ ಪಂದ್ಯದಲ್ಲಿ ಆಟಗಾರ ಆಡಿದ್ದಕ್ಕೆ ಸಿಗುವ ರೇಟಿಂಗ್. ಇದೇ ಆಟದ ಅತ್ಯಂತ ರಸವತ್ತಾದ ಭಾಗ, ಯಾಕೆಂದರೆ ಇಲ್ಲಿ ಐದಾರು ಕಾರಣ ಒಂದರ ಮೇಲೊಂದು ಕೂತಿರುತ್ತವೆ.

ಫಾರ್ಮ್‌ನಿಂದ ಶುರು ಮಾಡಿ. ಆಟಗಾರರ ಸಮುದಾಯ ವರ್ಷಗಳಿಂದ ಅಳೆದು ಕಂಡುಕೊಂಡ ಅಂದಾಜಿನಂತೆ ಎಕ್ಸಲೆಂಟ್ ಫಾರ್ಮ್‌ನಲ್ಲಿ ಕೊಡುಗೆ 1 ಎಂದಿಟ್ಟುಕೊಂಡರೆ, ಸಾಲಿಡ್‌ನಲ್ಲಿ ಸುಮಾರು 0.97, ಪ್ಯಾಸಬಲ್‌ನಲ್ಲಿ 0.90, ಇನ್ಅಡಿಕ್ವೇಟ್‌ನಲ್ಲಿ 0.82, ಅದಕ್ಕೂ ಕೆಳಗಿನ ವೀಕ್‌ನಲ್ಲಿ (4) 0.73. ಅಂದರೆ 8ರಿಂದ 7ಕ್ಕೆ ಬಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 5ರಿಂದ 4ಕ್ಕೆ ಬಿದ್ದರೆ ನೋವಾಗುತ್ತದೆ. ಫಾರ್ಮ್‌ನ ಹಿಂದೆ ಕಾಣದ ಗುರಿಯೊಂದಿದ್ದು, ಕಾಣುವ ಫಾರ್ಮ್ ವಾರವಾರವೂ ಅದರ ಕಡೆಗೆ ಸರಿಯುತ್ತದೆ. ನಿಮ್ಮ ಕೈಲಿರುವುದು ಆಟಗಾರನನ್ನು ಪ್ರತಿ ವಾರ ಯಾವುದಾದರೊಂದು ಪಂದ್ಯದಲ್ಲಿ ಆಡಿಸುವುದು, ಸಹಾಯಕರನ್ನೂ ಫಾರ್ಮ್ ಕೋಚನ್ನೂ ಇಟ್ಟುಕೊಳ್ಳುವುದು. ಉಳಿದದ್ದು ಅದೃಷ್ಟದ ಪಾಲು.

ಹೊಸದಾಗಿ ಕೊಂಡ ಆಟಗಾರನಿಗೇ ಈ ದೂರು ಇದ್ದರೆ ನಿಷ್ಠೆಯನ್ನು ನೋಡಿ. ನಿಷ್ಠೆ ತುಂಬಿದವನಿಗೆ ಕೌಶಲಗಳ ಮೇಲೆ ಪೂರ್ತಿ ಒಂದು ಮಟ್ಟ ಹೆಚ್ಚುವರಿ ಸಿಗುತ್ತದೆ; ತಾನು ಬೆಳೆದು ಬಂದ ಮಾತೃ ಕ್ಲಬ್‌ನಲ್ಲೇ ಉಳಿದವನಿಗೆ ಅದರ ಮೇಲೆ ಇನ್ನೂ ಅರ್ಧ. ಮಾರಾಟವಾದ ಕ್ಷಣದಲ್ಲಿ ಇದೆಲ್ಲ ಹೋಗುತ್ತದೆ. ಅವನ ಹಳೆಯ ಪಂದ್ಯಗಳ ನಕ್ಷತ್ರ ನೋಡಿ ಹರಾಜಿನಲ್ಲಿ ಹಣ ಹಾಕಿದವರು ಒಂದೂವರೆ ಮಟ್ಟದಷ್ಟು ಗಾಳಿಗೆ ಬೆಲೆ ಕಟ್ಟಿರಬಹುದು. ನಿಷ್ಠೆ ಮೊದಮೊದಲು ಬೇಗ, ಆಮೇಲೆ ನಿಧಾನವಾಗಿ ಏರುತ್ತದೆ; ತುಂಬಲು ಸುಮಾರು ಮೂರು ಸೀಸನ್ ಬೇಕು.

ಹವಾಮಾನವನ್ನು ಹೊಸಬರು ಅಲಂಕಾರ ಅಂದುಕೊಳ್ಳುತ್ತಾರೆ. ಕೆಲವು ಆಟಗಾರರಿಗೆ ಟೆಕ್ನಿಕಲ್, ಪವರ್‌ಫುಲ್, ಕ್ವಿಕ್ ಎಂಬಂಥ ವಿಶೇಷ ಗುಣವೊಂದಿರುತ್ತದೆ. ಟೆಕ್ನಿಕಲ್ ಆಟಗಾರ ಬಿಸಿಲಿನಲ್ಲಿ ಶೇ. 5 ಗಳಿಸಿ ಮಳೆಯಲ್ಲಿ ಶೇ. 5 ಕಳೆದುಕೊಳ್ಳುತ್ತಾನೆ. ಪವರ್‌ಫುಲ್‌ಗೆ ಇದು ತಿರುಗುಮುರುಗು. ಕ್ವಿಕ್ ಆಟಗಾರನಿಗೆ ಬಿಸಿಲೂ ನಷ್ಟ, ಮಳೆಯೂ ನಷ್ಟ. ಮೋಡ ಕವಿದರೆ ಅವನು ಸರಿ. ನಾಳಿನ ಮುನ್ಸೂಚನೆ ಆತಿಥೇಯ ತಂಡದ ಪ್ರದೇಶದ ಪುಟದಲ್ಲಿರುತ್ತದೆ.

ಸ್ಟ್ಯಾಮಿನಾ ದೋಷವನ್ನು ಗುರುತಿಸುವುದು ಬಲು ಸುಲಭ: ಪಂದ್ಯದ ಆರಂಭದ ನಕ್ಷತ್ರ ಮತ್ತು ಕೊನೆಯ ನಕ್ಷತ್ರ ಹೋಲಿಸಿ. ಆರಂಭ ಚೆನ್ನಾಗಿದ್ದು ಕೊನೆಗೆ ಒಂದೂವರೆ ನಕ್ಷತ್ರ ಕುಸಿದಿದ್ದರೆ ಕೌಶಲವನ್ನು ದೂರಬೇಡಿ, ಅವನಿಗೆ ಉಸಿರು ಸಾಲುತ್ತಿಲ್ಲ. ಪ್ರೆಸಿಂಗ್ ತಂತ್ರ ಆಡಿಸಿದರೆ ದಣಿವು ಇನ್ನೂ ಬೇಗ.

ಒಂದು ವೇಳೆ ಒಬ್ಬನಲ್ಲ, ಹನ್ನೊಂದು ಮಂದಿಯೂ ಕುಗ್ಗಿದ್ದರೆ ಪಂದ್ಯದ ವರದಿಯಲ್ಲಿ ಗೊಂದಲದ ಸಾಲು ಹುಡುಕಿ. ಅಭ್ಯಾಸವಿಲ್ಲದ ಫಾರ್ಮೇಶನ್ ಆಡಿಸಿದಾಗ ಆಟಗಾರರು ಸಂಘಟನೆ ಕಳೆದುಕೊಳ್ಳುವ ಘಟನೆ ಬರುತ್ತದೆ. ಫಾರ್ಮೇಶನ್ ಅನುಭವ ಎಕ್ಸಲೆಂಟ್‌ಗಿಂತ ಕೆಳಗಿದ್ದರೆ ಈ ಅಪಾಯ ಇದ್ದದ್ದೇ. ಹೊಸ ಫಾರ್ಮೇಶನ್ ಸ್ನೇಹಪಂದ್ಯದಲ್ಲಿ ಪಳಗಲಿ.

ಲಕ್ಷಣ 4: ಒಳ್ಳೆಯ ಮಿಡ್‌ಫೀಲ್ಡರ್‌ಗಳಿದ್ದರೂ ಮಿಡ್‌ಫೀಲ್ಡ್ ರೇಟಿಂಗ್ ಏಳುತ್ತಿಲ್ಲ

ಮಧ್ಯದಲ್ಲಿ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಕೊಡುಗೆಗೆ ಕತ್ತರಿ ಬೀಳುತ್ತದೆ. ಸಮುದಾಯದ ಲೆಕ್ಕದಲ್ಲಿ ಇಬ್ಬರು ಇನ್ನರ್ ಇದ್ದರೆ ತಲಾ 0.935, ಮೂವರಿದ್ದರೆ ತಲಾ 0.825. ಇದನ್ನು ಒಮ್ಮೆ ಕೈಯಾರೆ ಕೂಡಿಸಿ ನೋಡಿ, ಬಹಳ ಅನುಮಾನ ಬಗೆಹರಿಯುತ್ತದೆ. ಪ್ಲೇಮೇಕಿಂಗ್ 8 ಇರುವ ಇಬ್ಬರು: 16 × 0.935 = 14.96. ಜೊತೆಗೆ 8ರ ಮೂರನೆಯವನು ಬಂದರೆ 24 × 0.825 = 19.8. ಅವನ ಜಾಗದಲ್ಲಿ 4ರ ಹುಡುಗನನ್ನು ತರಬೇತಿಗೆಂದು ನಿಲ್ಲಿಸಿದರೆ 20 × 0.825 = 16.5, ಅಂದರೆ ಒಂದೂವರೆಯಷ್ಟೇ ಲಾಭ. 2ರವನನ್ನು ನಿಲ್ಲಿಸಿದರೆ 14.85, ಅವನು ಬಂದದ್ದರಿಂದ ಮಿಡ್‌ಫೀಲ್ಡ್ ಇಳಿಯಿತು! ಫಾರ್ಮ್, ಅನುಭವ ಬಿಟ್ಟು ಹಾಕಿದ ಒರಟು ಲೆಕ್ಕ ಇದು, ಆದರೆ ದಿಕ್ಕು ಸರಿ. ಮೂವರು ಫಾರ್ವರ್ಡ್‌ಗಳಿಗೆ 0.865, ಮೂವರು ಸೆಂಟ್ರಲ್ ಡಿಫೆಂಡರ್‌ಗಳಿಗೆ 0.90. ಕತ್ತರಿ ಎಲ್ಲ ಕಡೆಯೂ ಇದೆ, ಮಿಡ್‌ಫೀಲ್ಡ್‌ನಲ್ಲಿ ಹೆಚ್ಚು ಹರಿತ.

ಇನ್ನೊಂದು ತಪ್ಪು ಪ್ಲೇಮೇಕಿಂಗ್ ಇರುವವನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ನಂಬಿಕೆ. ಇನ್ನರ್‌ನ ಪ್ಲೇಮೇಕಿಂಗ್ ಪೂರ್ತಿ ಲೆಕ್ಕಕ್ಕೆ ಬಂದರೆ ವಿಂಗರ್‌ನದು ಅರ್ಧಕ್ಕೂ ಕಡಿಮೆ, ಸೆಂಟ್ರಲ್ ಡಿಫೆಂಡರ್ ಮತ್ತು ಫಾರ್ವರ್ಡ್‌ನದು ಕಾಲುಭಾಗ, ವಿಂಗ್ ಬ್ಯಾಕ್‌ನದು ಅದಕ್ಕಿಂತಲೂ ಕಡಿಮೆ. ಅದೇ ಕಾರಣಕ್ಕೆ ನಕ್ಷತ್ರಗಳನ್ನೂ ಸ್ಥಾನ ದಾಟಿ ಹೋಲಿಸಬೇಡಿ. ತಂಡ ಗೆಲ್ಲುವುದು ಏಳು ವಲಯಗಳ ರೇಟಿಂಗ್‌ನಿಂದ, ನಕ್ಷತ್ರಗಳ ಮೊತ್ತದಿಂದಲ್ಲ.

ಆಟಗಾರರು, ಸ್ಥಾನ ಎಲ್ಲ ಅದೇ ಇದ್ದು ಮಿಡ್‌ಫೀಲ್ಡ್ ಮಾತ್ರ ಹಿಂದಿನ ವಾರಕ್ಕಿಂತ ಬಿದ್ದಿದ್ದರೆ ತಂಡದ ಮನೋಬಲ ನೋಡಿ. ಅದು ನೇರವಾಗಿ ಮಿಡ್‌ಫೀಲ್ಡ್‌ಗೆ ಹೊಡೆಯುತ್ತದೆ. ಹಿಂದಿನ ಪಂದ್ಯವನ್ನು ‘ಸೀಸನ್ನಿನ ಪಂದ್ಯ’ ಎಂದು, ಅಂದರೆ ಮನೋಬಲ ಪಣಕ್ಕಿಟ್ಟು ಪೂರ್ತಿ ಶಕ್ತಿ ಸುರಿದು, ಆಡಿಸಿದ್ದರೆ ಸಾಲ ಈಗ ತೀರಿಸುತ್ತಿದ್ದೀರಿ. ಕೌಂಟರ್ ಅಟ್ಯಾಕ್ ಆಯ್ದಿದ್ದರೆ ಮಿಡ್‌ಫೀಲ್ಡ್‌ನಲ್ಲಿ ಶೇ. 7 ಕಡಿತ ಅದರ ಬೆಲೆ. ಎದುರಾಳಿಗಿಂತ ನಿಮ್ಮ ಮಿಡ್‌ಫೀಲ್ಡ್ ಮೇಲಿದ್ದರಂತೂ ಆ ತಂತ್ರ ಕೆಲಸವನ್ನೇ ಮಾಡದು.

ಲಕ್ಷಣ 5: ಮಟ್ಟವೇ ಇಳಿದಿದೆ

ಪದವೇ ಬದಲಾಗಿದ್ದರೆ, ಎಕ್ಸಲೆಂಟ್ ಇದ್ದದ್ದು ಸಾಲಿಡ್ ಆಗಿದ್ದರೆ, ಅದು ನಿಜವಾದ ನಷ್ಟ. ಕಾರಣ ವಯಸ್ಸು. ಮೂವತ್ತರ ಆಸುಪಾಸಿನಿಂದ ಕೌಶಲಗಳು ಒಳಗೊಳಗೇ ಸವೆಯುತ್ತವೆ, ವಯಸ್ಸು ಏರಿದಷ್ಟೂ ವೇಗವಾಗಿ. ಎತ್ತರದ ಮಟ್ಟಗಳು ಮೊದಲು. ಸವೆತ ದಶಾಂಶದಲ್ಲಿ ನಡೆಯುವುದರಿಂದ ಪದ ಬದಲಾಗುವ ಹೊತ್ತಿಗೆ ವಾರಗಳ ನಷ್ಟ ಆಗಿಹೋಗಿರುತ್ತದೆ. ಹ್ಯಾಟ್ರಿಕ್ ಆರ್ಗನೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ವಾರವಾರವೂ ದತ್ತಾಂಶ ಇಳಿಸಿಕೊಂಡಿದ್ದರೆ ಈ ಒಳಸವೆತದ ಅಂದಾಜು ಮೊದಲೇ ಸಿಗುತ್ತದೆ. ವಾರ ತಪ್ಪಿಸಿದರೆ ಅದರ ಲೆಕ್ಕವೂ ತಪ್ಪುತ್ತದೆ.

ಸವೆತ ಶುರುವಾದವನಿಗೆ ತರಬೇತಿಯ ಜಾಗ ಕೊಡುವುದು ವ್ಯರ್ಥ. ಅವನನ್ನು ಅನುಭವ ಬೇಕಾದ ಕಪ್ ಪಂದ್ಯಗಳಿಗೆ ಇಟ್ಟುಕೊಳ್ಳಿ, ಇಲ್ಲವೇ ಮಟ್ಟದ ಪದ ಇಳಿಯುವ ಮೊದಲೇ ಮಾರಿ. ನಾಯಕತ್ವ, ಅನುಭವ ಎರಡೂ ಚೆನ್ನಾಗಿರುವ ಹಳಬನಾದರೆ ಮಾರುವ ಮೊದಲು ಅವನನ್ನು ತರಬೇತುದಾರನಾಗಿ ಪರಿವರ್ತಿಸುವ ಖರ್ಚನ್ನು ಮಾರುಕಟ್ಟೆ ಬೆಲೆಯ ಪಕ್ಕ ಇಟ್ಟು ನೋಡಿ. ಒಮ್ಮೆ ಪರಿವರ್ತಿಸಿದ ಮೇಲೆ ಅವನನ್ನು ಮಾರಲು ಬರುವುದಿಲ್ಲ.